ಬಲಗಡೆಯ ಸ್ಟೂಲು

ಫೆಬ್ರವರಿ 4

ಪೆನ್ಸಿಲ್ ಮಾಮ,

ನೀವು ನನ್ನ ಅಪ್ಪನ ಕೈಯನ್ನು ಕದ್ದಿರಿ. ಕದ್ದು ಹದಿನೆಂಟು ವರ್ಷವಾಯಿತು. ಈಗ ಅದು ನಿಮ್ಮದೇ ಕಲ್ಪನೆ ಎಂದು ಪತ್ರಿಕೆಯಲ್ಲಿ ಹೇಳಿಕೊಂಡಿದ್ದೀರಿ. ಮೊದಲನೆಯದು ಕಳ್ಳತನ, ಎರಡನೆಯದು ಸುಳ್ಳು. ಎರಡಕ್ಕೂ ಉತ್ತರ ಕೊಡಿ.

ನಾನು ಯಾರೆಂದು ನೆನಪಾಗದಿದ್ದರೆ ಹೇಳುತ್ತೇನೆ. ಗೋದಾಮಿನ ತಾರಸಿಯ ಮೇಲೆ ನೀವೆಲ್ಲ ಸಾಲಾಗಿ ನಿಂತು ಒದೆಯುವುದು, ತಡೆಯುವುದು ಕಲಿಯುತ್ತಿದ್ದಾಗ ನೀರಿನ ತೊಟ್ಟಿಯ ಮೇಲೆ ಕೂತು ಎಣಿಕೆ ಹೇಳುತ್ತಿದ್ದವಳು. ಹದಿನಾಲ್ಕಾದ ಮೇಲೆ ಸೀದಾ ಹದಿನಾರಕ್ಕೆ ಹಾರುತ್ತಿದ್ದವಳು. ಅಪ್ಪ ನನ್ನನ್ನು ಮೆಣಸಿನಕಾಯಿ ಎನ್ನುತ್ತಿದ್ದರು. ನೀವೂ ಹಾಗೇ ಕರೆಯುತ್ತಿದ್ದಿರಿ. ಇನ್ನು ಮುಂದೆ ಕರೆಯಬೇಡಿ.

ಈಗ ಒಂದು ಬೈಂಡಿಂಗ್ ಅಂಗಡಿಯ ಹೊಲಿಗೆ ಮೇಜಿನಲ್ಲಿ ಕೆಲಸ ಮಾಡುತ್ತೇನೆ. ಹೊಲಿಯಲು ಬರುವ ಕಿರುಹೊತ್ತಗೆಗಳನ್ನೆಲ್ಲ ಊಟದ ಹೊತ್ತಿನಲ್ಲಿ ಓದುತ್ತೇನೆ. ದುಡಿಯುವವನ ದೇಹದಿಂದ ಪಡೆದದ್ದನ್ನು ಇನ್ನೊಬ್ಬ ತನ್ನ ಹೆಸರಿನಲ್ಲಿ ಮಾರಿದರೆ ಅದಕ್ಕೆ ಏನೆನ್ನುತ್ತಾರೆ ಎಂಬುದನ್ನು ಮೂವತ್ತೆರಡು ಪುಟದ ಒಂದು ಹೊತ್ತಗೆಯಲ್ಲಿ ಓದಿ ತಿಳಿದಿದ್ದೇನೆ. ಮೊನ್ನೆ ಕಟ್ಟು ಸುತ್ತಲು ತಂದ ಹಳೆಯ ಪತ್ರಿಕೆಯಲ್ಲಿ ನಿಮ್ಮ ಫೋಟೋ ಇತ್ತು. ಗಡ್ಡ ಬೆಳ್ಳಗಾಗಿದೆ. ನಿಮ್ಮ ಆ ಕಾದಾಟದ ವಿಡಿಯೋ ಆಟ ಹೊಸ ರೂಪದಲ್ಲಿ ಮತ್ತೆ ಬರುತ್ತಿದೆಯಂತೆ. ಅದರಲ್ಲಿ ಕಾದಾಡುವ ಅಲೆಮಾರಿಯ ಬಗ್ಗೆ ಕೇಳಿದರೆ "ಅವನು ಪೂರ್ತಿ ನನ್ನ ಕಲ್ಪನೆಯ ಕೂಸು" ಎಂದಿದ್ದೀರಿ.

ಕಲ್ಪನೆಯೇ? ಆಟದಲ್ಲಿ ಉಳಿದ ಏಳು ಜನಕ್ಕೂ ತಮ್ಮದೇ ಅಂಗಳವಿದೆ. ಒಬ್ಬನಿಗೆ ಬಂದರು, ಒಬ್ಬಳಿಗೆ ಕೋಟೆ. ಅಲೆಮಾರಿಗೆ ಮಾತ್ರ ಎಲ್ಲೂ ಜಾಗವಿಲ್ಲ. ಹೆಗಲಿಗೆ ಗಂಟು ಹಾಕಿಕೊಂಡು ಕಂಡವರ ಅಂಗಳಕ್ಕೆ ಹೋಗಿ ಕಾದಾಡುತ್ತಾನೆ. ನನ್ನ ಅಪ್ಪ ಲಿಫ್ಟ್ ರಿಪೇರಿಗೆಂದು ಹನ್ನೆರಡು ವರ್ಷ ಊರೂರು ತಿರುಗಿ, ಇಳಿದುಕೊಂಡ ಊರಿನಲ್ಲೆಲ್ಲ ಯಾವುದಾದರೂ ತಾರಸಿ ಹುಡುಕಿ ನಾಲ್ಕು ಜನಕ್ಕೆ ಕೈಕಾಲು ಆಡಿಸುವುದು ಕಲಿಸಿದವರು. ಅಲೆಮಾರಿ ಕಾದಾಟಕ್ಕೆ ಮುಂಚೆ ಚಪ್ಪಲಿ ಬಿಚ್ಚಿ ಕೊಡವಿ ಕಲ್ಲು ಬೀಳಿಸುತ್ತಾನೆ. ಅದು ಯಾರ ಅಭ್ಯಾಸ? ಅವನ ಎಡಗೈ ಮೊಣಕೈಯಲ್ಲಿ ಮಡಚಿಕೊಂಡು ಸೊಂಟದ ಬಳಿ ಹಾಗೇ ನಿಂತುಬಿಟ್ಟಿದೆ. ಲಿಫ್ಟಿನ ಚಕ್ರಕ್ಕೆ ಸಿಕ್ಕಿದ ಮೊಣಕೈ ಯಾರದು? ಆಮೇಲೆ ರಿಪೇರಿಗೆಂದು ಲಿಫ್ಟಿನ ಗುಂಡಿಗೆ ಇಳಿಯಲಾಗದೆ, ಹನ್ನೊಂದು ಮಹಡಿಯ ಕಚೇರಿಯಲ್ಲಿ ಲಿಫ್ಟಿನೊಳಗಿನ ಸ್ಟೂಲಿನ ಮೇಲೆ ಕೂತು ಬಟನ್ ಒತ್ತುತ್ತ ಕೆಲಸದ ಕೊನೆಯ ದಿನದವರೆಗೂ ಮೇಲೆ ಕೆಳಗೆ ಪ್ರಯಾಣ ಮಾಡಿದವರು ಯಾರು?

ಆಟದ ಕೊನೆಯಲ್ಲಿ ಹನ್ನೊಂದು ಹೆಸರು ಬರುತ್ತವೆ. ಸದ್ದು ಮಾಡಿದವನದು, ಯಂತ್ರದ ಪೆಟ್ಟಿಗೆಗೆ ಬಣ್ಣ ಬಳಿದವನದೂ ಇದೆ. ಅಪ್ಪನದಿಲ್ಲ.

ನಾನು ಕರಪತ್ರ ಬರೆಯುತ್ತಿದ್ದೇನೆ. ಹೊಸ ಆಟ ಹೊರಬರುವ ದಿನ ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತು ಹಂಚುತ್ತೇನೆ. ಹೇಳದೆ ಹಂಚಬಹುದಿತ್ತು. ಆದರೆ ಬೆನ್ನ ಹಿಂದಿನಿಂದ ಹೊಡೆಯಬಾರದೆಂದು ಅಪ್ಪ ಕಲಿಸಿದ್ದಾರೆ. ನಿಮಗೂ ಅದನ್ನೇ ಕಲಿಸಿದ್ದರು.

ಮೇಷ್ಟ್ರ ಮಗಳು


ಫೆಬ್ರವರಿ 19

ಪ್ರೀತಿಯ ಮೇಷ್ಟ್ರ ಮಗಳಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನೀನು ಬರೆದದ್ದೆಲ್ಲ ನಿಜ. ಪತ್ರಿಕೆಯವರ ಮುಂದೆ ಹಾಗೇ ಹೇಳಬೇಕೆಂದು ಕಂಪನಿಯವರು ಬರೆದು ಕೊಟ್ಟಿದ್ದರು. ಆದರೆ ಓದಿದ ಬಾಯಿ ನನ್ನದು.

ಹೆಸರಿನ ವಿಷಯ. ಪರದೆಯಲ್ಲಿ ಹನ್ನೊಂದು ಸಾಲಿಗಷ್ಟೇ ಜಾಗವಿತ್ತು. ನನ್ನದನ್ನು ತೆಗೆದು ಅವರದನ್ನು ಹಾಕಬಹುದಿತ್ತು. ಆ ಯೋಚನೆ ಬಂದಿತ್ತು, ಹಾಕಲಿಲ್ಲ. ಅದು ನನ್ನ ಮೊದಲ ಕೆಲಸ; ಮೊದಲ ಸಲ ನನ್ನ ಹೆಸರು ಎಲ್ಲಾದರೂ ಬೆಳಕಿನಲ್ಲಿ ಮೂಡುವುದಿತ್ತು. ಇದಕ್ಕಿಂತ ಒಳ್ಳೆಯ ಕಾರಣ ನನ್ನ ಬಳಿ ಇಲ್ಲ.

ನಿನಗೆ ಗೊತ್ತಿಲ್ಲದ ಇನ್ನೊಂದು ತಪ್ಪಿದೆ. ಕರಪತ್ರದಲ್ಲಿ ಅದನ್ನೂ ಹಾಕು.

ತಾರಸಿಯ ಮೇಲೆ ನಾನು ಕಲಿತದ್ದಕ್ಕಿಂತ ಗೀಚಿದ್ದೇ ಹೆಚ್ಚು. ಒಂದು ದಿನ ಮೇಷ್ಟ್ರು ಬಂದು ಪುಸ್ತಕ ಇಸಿದುಕೊಂಡರು. ಒಂದೊಂದೇ ಹಾಳೆ ತಿರುವಿದರು. ಎಲ್ಲದರಲ್ಲೂ ಅವರೇ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಪುಸ್ತಕ ಮುಚ್ಚಿ, "ಬರಿ, ಬೇಡ ಅನ್ನಲ್ಲ. ಕೈ ಒಂದು ಬಿಟ್ಟು ಬರಿ," ಎಂದರು. ನಾನು "ಆಯ್ತು ಮೇಷ್ಟ್ರೇ" ಎಂದೆ. ಮಾತು ಕೊಟ್ಟದ್ದು ಅಷ್ಟೇ, ಎರಡು ಪದ.

ಕಂಪನಿಯಲ್ಲಿ ಮೊದಲು ಹಾಗೇ ಬರೆದೆ: ಗಂಟು, ಚಪ್ಪಲಿ, ನಡಿಗೆ, ಎರಡೂ ಕೈ ನೆಟ್ಟಗೆ. ಯಜಮಾನರು ನೋಡಿ, "ಇವನು ಬಸ್ಸಿಗೆ ಕಾಯ್ತಿರೋ ಹಾಗಿದ್ದಾನಲ್ಲೋ, ಕಿತ್ತು ಹಾಕು," ಎಂದರು. ಚಿತ್ರ ಒಪ್ಪಿಸಬೇಕಾದ ದಿನ ಬಂತು. ಮಧ್ಯಾಹ್ನ ಎರಡಕ್ಕೆ ಕೂತು ಆ ಕೈ ಬರೆದೆ. ಅಲೆಮಾರಿ ಎದ್ದು ನಿಂತ. ಯಜಮಾನರೂ ಕುರ್ಚಿಯಿಂದ ಎದ್ದರು.

ಅದಾದ ಮೇಲೆ ನಾನು ತಾರಸಿ ಹತ್ತಲಿಲ್ಲ.

ಮೇಷ್ಟ್ರು ಆಟ ನೋಡಿದ್ದಾರೆಯೇ? ಏನಂದರು?

ಪೆನ್ಸಿಲ್


ಮಾರ್ಚ್ 10

ಪೆನ್ಸಿಲ್ ಮಾಮ,

ನೋಡಿದ್ದಾರೆ. ಆಗ ನನಗೆ ಏಳು ವರ್ಷ. ಬಸ್ ನಿಲ್ದಾಣದ ಎದುರು ಟೋಕನ್ ಹಾಕಿ ಆಡುವ ಯಂತ್ರಗಳ ಆಟದಂಗಡಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಿದ್ದರು. ಅಪ್ಪನ ಶಿಷ್ಯರಲ್ಲಿ ಯಾರೋ ಹೇಳಿರಬೇಕು. ಗಾಜಿನ ಹಿಂದೆ ಅಲೆಮಾರಿ ಚಪ್ಪಲಿ ಕೊಡವಿದ. ನಾನು "ಅಪ್ಪಾ, ನೀವು!" ಎಂದು ಕಿರುಚಿದೆ. ಅಂಗಡಿಯವರೆಲ್ಲ ತಿರುಗಿ ಮೊದಲು ಪರದೆ ನೋಡಿದರು, ಆಮೇಲೆ ಅಪ್ಪನನ್ನು, ಆಮೇಲೆ ಅಪ್ಪನ ಕೈಯನ್ನು. ಅಪ್ಪ ಹೇಳಿದ್ದು ಒಂದೇ ಮಾತು: "ಕೈ ಚೆನ್ನಾಗಿ ಬರೆದಿದ್ದಾನೆ." ಮನೆಗೆ ನಡೆದು ಬರುವಾಗ ಆ ಕೈಗೆ ಟವೆಲು ಹೊದಿಸಿಕೊಂಡಿದ್ದರು. ಮಾರನೆಯ ವಾರ ತಾರಸಿಯ ಪಾಠ ನಿಂತಿತು. ಯಾಕೆಂದು ಯಾರಿಗೂ ಹೇಳಲಿಲ್ಲ. ಈಗ ನಿಮ್ಮ ಎರಡು ಪದ ಓದಿದ ಮೇಲೆ ನನಗೆ ತಿಳಿಯಿತು.

ನಿಮ್ಮನ್ನು ಕ್ಷಮಿಸಲು ಬರೆಯುತ್ತಿಲ್ಲ. ಇನ್ನೊಂದು ಆರೋಪವಿದೆ.

ಕರಪತ್ರಕ್ಕೆ ಪುರಾವೆ ಬೇಕೆಂದು ಭಾನುವಾರ ಆ ಅಂಗಡಿಗೆ ಹೋಗಿದ್ದೆ. ಇನ್ನೂ ಇದೆ. ಮಾಲಕಿಯನ್ನು ಎಲ್ಲರೂ ಟೋಕನ್ ಅಕ್ಕ ಎನ್ನುತ್ತಾರೆ. ಅದೇ ಕೌಂಟರ್, ಅದೇ ಮುಖ, ಕನ್ನಡಕ ಮಾತ್ರ ದಪ್ಪವಾಗಿದೆ. ನಿಮ್ಮ ಯಂತ್ರ ಮೂಲೆಯಲ್ಲಿದೆ. ಎರಡು ಸ್ಟೂಲು, ಬಲಗಡೆಯದರ ರೆಕ್ಸಿನ್ ಹರಿದು ಸ್ಪಂಜು ಹೊರಬಂದಿದೆ. ನಾನು ನೋಟ್‌ಬುಕ್ ಹಿಡಿದು ಅಲೆಮಾರಿಯ ಒಂದೊಂದು ಭಂಗಿಯನ್ನೂ ಬರೆದುಕೊಂಡೆ. ಆಗ ಕಂಡಿತು. ಎಡಗಡೆ ನಿಂತು ಬಲಕ್ಕೆ ತಿರುಗಿದ್ದಾಗ ಎಡಗೈ ಮಡಚಿದೆ, ಬಲಗೈ ಹೊಡೆಯುತ್ತದೆ. ಸರಿ. ಬಲಗಡೆ ನಿಂತು ಎಡಕ್ಕೆ ತಿರುಗಿದರೆ ಮಡಚಿರುವುದು ಬಲಗೈ! ಎಡಗೈ ಚಂಗನೆ ಮುಂದೆ ಬಂದು ಗುದ್ದುತ್ತದೆ!

ಮಾಮ, ಯಾವ ಕೈ ಹೋದದ್ದು ಎಂಬುದಾದರೂ ನೆನಪಿರಬಾರದೇ? ಕದಿಯುವುದಕ್ಕೂ ಸರಿಯಾಗಿ ಬರಲಿಲ್ಲವಲ್ಲ ನಿಮಗೆ.

ಮೇಷ್ಟ್ರ ಮಗಳು


ಮಾರ್ಚ್ 24

ಪ್ರೀತಿಯ ಮೇಷ್ಟ್ರ ಮಗಳಿಗೆ,

ನಕ್ಕೆ, ಆಮೇಲೆ ನಗಲಾಗಲಿಲ್ಲ.

ಆಗಿನ ಯಂತ್ರಗಳಲ್ಲಿ ನೆನಪಿಗೆ ಜಾಗ ಕಡಿಮೆ. ಒಬ್ಬೊಬ್ಬನನ್ನು ಒಂದು ಕಡೆಗೆ ತಿರುಗಿದಂತೆ ಮಾತ್ರ ಬರೆಯುತ್ತಿದ್ದೆವು. ಅವನು ಆ ಕಡೆ ತಿರುಗಿದಾಗ ಯಂತ್ರವೇ ಅದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ತೋರಿಸುತ್ತಿತ್ತು. ಉಳಿದ ಏಳು ಜನರಿಗೆ ಅದರಿಂದ ಏನೂ ಬಾಧಕವಿರಲಿಲ್ಲ. ಎರಡೂ ಕೈ ಒಂದೇ ತರಹ. ಅಲೆಮಾರಿಗೆ ಮಾತ್ರ ಹೋದ ಕೈ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಓಡಾಡತೊಡಗಿತು. ನಾನು ನೋಡಿದ್ದು ಆಟ ಅಂಗಡಿಗಳಿಗೆ ಹೋದ ಮೇಲೆ. ಯಜಮಾನರು, "ಯಾರ್ ನೋಡ್ತಾರೋ ಅದನ್ನ?" ಎಂದರು. ನಾನು ಮಾತ್ರ ಪ್ರತಿ ಸಲ ನೋಡಿದ್ದೇನೆ. ಮಾತು ಮುರಿದು ಬರೆದ ಕೈ, ಅದನ್ನೂ ತಪ್ಪಾಗಿ ಬರೆದೆ ಅನ್ನಿಸುತ್ತದೆ.

ನಿಜ ಹೇಳಲೇ? ಆ ತಾರಸಿಯ ವಾಸನೆ ಇನ್ನೂ ಮೂಗಿನಲ್ಲಿದೆ. ಕೆಳಗಿನ ಗೋದಾಮಿನ ಗೋಣಿಚೀಲ, ಬಿಸಿಲಿಗೆ ಮೆತ್ತಗಾದ ಟಾರು. ನಿನ್ನ ಎಣಿಕೆ. ನೀನು ಹದಿನೈದನ್ನು ನುಂಗಿದಾಗಲೆಲ್ಲ ಮೇಷ್ಟ್ರು, "ಒಂದು ಒದೆ ಉಳೀತು, ಎಲ್ಲರೂ ಇನ್ನೊಂದು ಹಾಕಿ," ಎನ್ನುತ್ತಿದ್ದರು. ನಿನ್ನನ್ನು ತಿದ್ದಿದ್ದು ನಾನು ಕಂಡಿಲ್ಲ. ಅಷ್ಟು ವರ್ಷ ನಾವು ನಿನ್ನ ಎಣಿಕೆ ಮುಗಿದ ಮೇಲೂ ಇನ್ನೊಂದು ಒದೆ ಹಾಕಿದ್ದೇವೆ.

ಈಗ ನನ್ನ ಕಷ್ಟ ಕೇಳು. ಹೊಸ ಆಟದಲ್ಲಿ ಮಗುಚುವುದಿಲ್ಲ. ಕಾದಾಡುವವರಿಗೆ ನಿಜವಾದ ಮೈ ಇರುತ್ತದೆ, ಸುತ್ತಲಿಂದಲೂ ನೋಡಬಹುದು. ಒಂದು ಕೈ ಹೋಗಿದ್ದರೆ ಅದೇ ಕೈ, ಯಾವ ಕಡೆಗೆ ತಿರುಗಿದರೂ. ಕಂಪನಿಯವರು ಕೇಳುತ್ತಿದ್ದಾರೆ: ಎಡವೋ, ಬಲವೋ, ಅಥವಾ ವಾಸಿಯಾಯಿತು ಎಂದು ಎರಡನ್ನೂ ನೆಟ್ಟಗೆ ಮಾಡಿಬಿಡೋಣವೋ? ಜೂನ್ ಕೊನೆಗೆ ಹೇಳಬೇಕು. ಈ ಸಲ ಕೇಳದೆ ಬರೆಯಲಾರೆ. ಕೇಳುವ ಮುಖವೂ ಇಲ್ಲ. ನೀನು ಕೇಳುತ್ತೀಯಾ?

ಪೆನ್ಸಿಲ್


ಮೇ 12

ಪೆನ್ಸಿಲ್ ಮಾಮ,

ಏಳು ವಾರ ಬರೆಯಲಿಲ್ಲ. ಬರೆಯಲು ನನಗೆ ಹಕ್ಕಿದೆಯೇ ಎಂಬ ಅನುಮಾನ ಹುಟ್ಟಿತ್ತು.

ನಿಮ್ಮ ಪ್ರಶ್ನೆಯನ್ನು ಅಪ್ಪನಿಗೆ ಕೇಳಲಿಲ್ಲ. "ಕಳ್ಳನೇ ಬಂದು, ಕದ್ದ ಮಾಲಿಗೆ ಯಾವ ಬಣ್ಣ ಬಳಿಯಲಿ ಎಂದು ಕೇಳಿದ ಹಾಗಾಯಿತು" ಎಂದು ಒಂದು ಸಾಲು ಹೊಳೆದು, ಅದನ್ನು ಕರಪತ್ರಕ್ಕೆ ಸೇರಿಸಿ, ಅಂಗಡಿಯಲ್ಲಿ ಊಟದ ಹೊತ್ತಿನಲ್ಲಿ ಒಂದು ಪ್ರತಿ ಅಚ್ಚು ಹಾಕಿಸಿಕೊಂಡು ಚೀಲದಲ್ಲಿಟ್ಟು ಬಂದೆ. ತಲೆಬರಹ ದಪ್ಪಕ್ಷರದಲ್ಲಿ: "ಅಂಗಹೀನ ಕಾರ್ಮಿಕನ ದೇಹ ದೋಚಿದವರು." ಎರಡು ಸಲ ಮಡಚಿದ್ದೆ, ಅಂಚು ಅಂಚಿಗೆ ಕೂತಿತ್ತು. ಬಹಳ ಹೆಮ್ಮೆ.

ಅಪ್ಪ ಕತ್ತರಿ ಹುಡುಕುತ್ತ ನನ್ನ ಚೀಲಕ್ಕೆ ಕೈ ಹಾಕಿದರು. ನಾನು ಒಳಗೆ ಬಂದಾಗ ಕಿಟಕಿಯ ಬಳಿ ಕೂತು ಓದುತ್ತಿದ್ದರು.

"ಇದು ಯಾರ ಬಗ್ಗೆ?"

"ನಿಮ್ಮ ಬಗ್ಗೆ, ಅಪ್ಪಾ."

"ನನ್ನ ಕೇಳಿದ್ಯಾ?"

"ನ್ಯಾಯ ಕೇಳೋಕೂ ಅಪ್ಪಣೆ ಬೇಕಾ?"

"ಬೇಡ್ವಾ?" ಎಂದರು. ದನಿ ಏರಿಸಲಿಲ್ಲ. "ಅವನೂ ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ. ಅವನು ಚಿತ್ರ ಬರೆದ, ನೀನು ಕಾಗದ ಬರೆದೆ. ಒಟ್ನಲ್ಲಿ ನನ್ನ ಕೈ ಎಲ್ಲರಿಗೂ ಬೇಕು. ಅವನಾದ್ರೂ ಅದನ್ನ ಹೊಡೆದಾಡೋಕೆ ಇಟ್ಕೊಂಡ. ನೀನು ನೋಡು, ಅಂಗಹೀನ ಅಂತ ಅಚ್ಚು ಹಾಕಿಸಿದ್ದೀಯ."

ಅಮ್ಮ ಅಡುಗೆಮನೆಯಿಂದ, "ಅವಳ ಮೂಗಿನ ತುದೀಲೇ ಕೋಪ, ಯಾರ ಹಾಗೋ ಏನೋ," ಎಂದು ಒಗ್ಗರಣೆ ಹಾಕಿದರು.

ನಾನು ಚಪ್ಪಲಿ ಮೆಟ್ಟಿ ಹೊರಟೆ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಆಟದಂಗಡಿಗೆ ಹೋದೆ. ಯಂತ್ರದ ಎದುರು ಎಡಗಡೆಯ ಸ್ಟೂಲಿನಲ್ಲಿ ಕೂತೆ. ಟೋಕನ್ ಅಕ್ಕ ಬಂದು ಪಕ್ಕದಲ್ಲಿ ನಿಂತರು.

"ಹೋದ್ಸಲ ನೋಟ್‌ಬುಕ್ ಹಿಡ್ಕೊಂಡ್ ಬಂದಿದ್ದೆ ಅಲ್ವಾ ನೀನು? ಯಾರ ಮಗಳಮ್ಮಾ?"

ಹೇಳಿದೆ. ಅವರು ಕನ್ನಡಕ ಮೇಲೆತ್ತಿ ನನ್ನ ಮುಖವನ್ನೇ ನೋಡಿದರು.

"ಅಯ್ಯೋ, ಲಿಫ್ಟ್ ಮೇಷ್ಟ್ರ ಮಗಳಾ! ಅದಕ್ಕೇ ಎಡಗಡೆ ಕೂತಿದ್ದೀಯ. ಬಲಗಡೆದು ಅಪ್ಪಂದು ಅಂತ ಬಿಟ್ಟಿದ್ದೀಯ."

ನನಗೆ ಅರ್ಥವಾಗಲಿಲ್ಲ. ಆಗ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಪ್ರತಿ ಶನಿವಾರ ಸಂಜೆ ಐದಕ್ಕೆ ಬರೋರು. ಒಂದು ಗಂಟೆ. ಬಲಗಡೆ ಸ್ಟೂಲು ಖಾಲಿ ಇಲ್ದಿದ್ರೆ ನಿಂತು ಕಾಯೋರೇ ಹೊರತು ಎಡಗಡೆ ಕೂರ್ತಿರ್ಲಿಲ್ಲ. ನಾನೇ ಒಂದಿನ ಕೇಳಿದೆ, ಯಾಕ್ ಮೇಷ್ಟ್ರೇ, ಆ ಸ್ಟೂಲಲ್ಲಿ ಮುಳ್ಳಿದ್ಯಾ ಅಂತ. ನಕ್ಕರು. ಈ ಕಡೆಯಿಂದ ಎಡಗೈ ಕೆಲಸಕ್ಕೆ ಬರತ್ತೆ ಕಣಮ್ಮಾ ಅಂದ್ರು. ಎದುರಾಳಿ ತಲೆ ಮೇಲೆ ಹಾರಿ ಈ ಕಡೆ ಬಂದ್ನೋ, ಮುಗೀತು. ಮೇಷ್ಟ್ರು ಹೊಡೆಯೋದ್ ಬಿಟ್ಟು ವಾಪಸ್ ಬಲಗಡೆಗೆ ಹಾರೋಕೆ ನೋಡೋರು. ಅಲ್ಲೇ ಏಟು ಬೀಳ್ತಿತ್ತು. ಹುಡುಗರಿಗೆಲ್ಲ ಗೊತ್ತಾಗೋಗಿತ್ತು, ಅದನ್ನೇ ಮಾಡೋರು. ಇವರು ಗೆದ್ದಿದ್ದು ನಾನು ನೋಡಿದ್ದೇ ಕಮ್ಮಿ. ಸೋತ್ರೂ ಬಲಗಡೆಯಿಂದ್ಲೇ ಸೋಲ್ತಿದ್ರು."

ಮಾಮ, ಶನಿವಾರ ಸಂಜೆ ಅಪ್ಪ ರೇಡಿಯೋಗೆ ಬ್ಯಾಟರಿ ತರಲು ಹೋಗುತ್ತಿದ್ದರು. ನಮ್ಮ ರೇಡಿಯೋ ಗೋಡೆಯ ಪ್ಲಗ್ಗಿನಿಂದ ನಡೆಯುತ್ತದೆ. ಅಮ್ಮ "ಇದೇನು ಬ್ಯಾಟರಿ ತಿನ್ನೋ ರೇಡಿಯೋನಾ?" ಎಂದು ಗೊಣಗುತ್ತಿದ್ದರು. ಕಪಾಟಿನಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಬಳಸದ ಬ್ಯಾಟರಿಗಳಿವೆ. ಅಷ್ಟು ವರ್ಷ ಆ ಡಬ್ಬಿಯನ್ನು ನೋಡಿದ್ದೇನೆ, ಒಮ್ಮೆಯೂ ಯಾಕೆಂದು ಕೇಳಲಿಲ್ಲ.

ಬಲಗಡೆಯ ಸ್ಟೂಲಿನಲ್ಲಿ ಕೂತು ನೋಡಿದೆ. ಎಡಗೈಯನ್ನು ಅಪ್ಪನ ಹಾಗೆ ಮಡಚಿಕೊಂಡೆ. ಅಲೆಮಾರಿಯನ್ನು ಆಡಿಸುವ ಕೋಲು ಸರಿಯಾಗಿ ಆ ಬೆರಳುಗಳಿಗೆ ಸಿಗುತ್ತದೆ, ಅಳತೆ ತೆಗೆದು ಮಾಡಿದ ಹಾಗೆ. ಆ ಮಡಚಿದ ಕೈಯಿಂದ ಕೋಲು ತಿರುಗಿಸಿದರೆ ಪರದೆಯ ಮೇಲೆ ಅದೇ ಕೈ ನೆಟ್ಟಗಾಗಿ ಗುದ್ದುತ್ತದೆ.

ನಿಮ್ಮ ತಪ್ಪು ತಪ್ಪೇ. ಹೆಸರು ಹಾಕಲಿಲ್ಲ, ಮಾತು ಉಳಿಸಲಿಲ್ಲ. ಅದರಲ್ಲಿ ಒಂದಕ್ಷರವನ್ನೂ ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಕರಪತ್ರವನ್ನು ಹರಿದು ಹಾಕಿದ್ದೇನೆ, ಯಾಕೆಂದರೆ ಅದು ನನ್ನ ತಪ್ಪು.

ಅಂಗಡಿ ಮುಚ್ಚುತ್ತಿದೆ. ಟೋಕನ್ ಅಕ್ಕನ ಮಂಡಿ ನೋವು, ಕಟ್ಟಡಕ್ಕೆ ಹೊಸ ಮಾಲೀಕ. ಜೂನ್ 16 ಕೊನೆಯ ದಿನ. ಯಂತ್ರಗಳು ಗುಜರಿಗೆ ಹೋಗುತ್ತವೆ.

ಮೇಷ್ಟ್ರ ಮಗಳು


ಮೇ 26

ಪ್ರೀತಿಯ ಮಗಳೇ,

ಉತ್ತರ ಬರೆಯಲು ಕೂತು ನಾಲ್ಕು ಹಾಳೆ ಹಾಳು ಮಾಡಿದೆ. ಎಲ್ಲದರಲ್ಲೂ ಸ್ಟೂಲಿನ ಚಿತ್ರವೇ ಬಂತು.

ಹದಿನೆಂಟು ವರ್ಷ ನಾನು ನಾಚಿಕೆಪಟ್ಟ ತಪ್ಪಿನೊಳಗೆ ಅವರು ವಾರಕ್ಕೊಂದು ಗಂಟೆ ವಾಸ ಮಾಡಿದ್ದಾರೆ. ಇದನ್ನು ಹೇಗೆ ತೆಗೆದುಕೊಳ್ಳಬೇಕೆಂದು ನನಗೆ ಗೊತ್ತಿಲ್ಲ. ನನ್ನ ಪಾಪ ಕಡಿಮೆಯಾಯಿತು ಎಂದುಕೊಳ್ಳುವುದಿಲ್ಲ. ಅದು ಯಂತ್ರ ಮಾಡಿದ ಉಪಕಾರ, ನಾನು ಮಾಡಿದ್ದಲ್ಲ.

ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಕತ್ತರಿಸಿದ ತುಂಡು ಇದರ ಜೊತೆಗಿದೆ. ಒಳಪುಟದ ಕೆಳಗೆ ನಾಲ್ಕೇ ಸಾಲು ಹಾಕಿದ್ದಾರೆ: ಅಲೆಮಾರಿ ಕಲ್ಪನೆಯಲ್ಲ, ನನಗೆ ಕಲಿಸಿದ ಒಬ್ಬ ಲಿಫ್ಟ್ ಮೆಕ್ಯಾನಿಕ್, ನಾನು ಅವರನ್ನು ಕೇಳಿರಲಿಲ್ಲ ಎಂದು. ಕಂಪನಿಯವರು ಕರೆಸಿ ಎರಡು ದಿನ ಮುಖ ಗಂಟು ಹಾಕಿಕೊಂಡರು. ಹೊಸ ಆಟದಲ್ಲಿ ಹೆಸರುಗಳಿಗೆ ಜಾಗದ ಕೊರತೆಯಿಲ್ಲ. ಆದರೆ ಮೇಷ್ಟ್ರು ಒಪ್ಪದೆ ಅದನ್ನೂ ಹಾಕುವುದಿಲ್ಲ.

ಈಗ ನನ್ನ ಪ್ರಶ್ನೆ ಇನ್ನೂ ಕಷ್ಟವಾಯಿತು. ಎಡಗೈ ಎಂದು ಬರೆದರೆ ಅವರ ಶನಿವಾರಗಳನ್ನು ನಾನೇ ಕಿತ್ತುಕೊಂಡ ಹಾಗೆ. ಎರಡನ್ನೂ ನೆಟ್ಟಗೆ ಮಾಡಿದರೆ ಅವರನ್ನೇ ಅಳಿಸಿದ ಹಾಗೆ. ಈ ಕಾಗದವನ್ನು ಅವರಿಗೆ ಓದಿ ಹೇಳು. ಅಂಗಡಿ ಮುಚ್ಚುವ ಮೊದಲು ಒಮ್ಮೆ ಬಂದು ಅವರನ್ನು ಕಾಣಬೇಕೆಂದಿದೆ; ಬರಬೇಡ ಎಂದರೆ ಬರುವುದಿಲ್ಲ.

ಪೆನ್ಸಿಲ್


ಜೂನ್ 8

ಪೆನ್ಸಿಲ್ ಮಾಮ,

ಈ ಸಲ ಕೇಳಿ ಬರೆಯುತ್ತಿದ್ದೇನೆ. ಅಪ್ಪ ಎದುರಿಗೇ ಕೂತಿದ್ದಾರೆ, ಮುಗಿದ ಮೇಲೆ ಓದಿ ಹೇಳಬೇಕಂತೆ.

ನಿಮ್ಮ ಕಾಗದವನ್ನು ಇಬ್ಬರಿಗೂ ಓದಿ ಹೇಳಿದೆ. ಪತ್ರಿಕೆಯ ತುಂಡನ್ನು ಅಮ್ಮ ಇಸಿದುಕೊಂಡು ಎರಡು ಸಲ ಓದಿ, "ಓಹೋ, ಶನಿವಾರದ ಬ್ಯಾಟರಿ!" ಎಂದರು. ಅಪ್ಪ ಕಿಟಕಿಯ ಕಡೆ ಮುಖ ಮಾಡಿದರು. ಕಿವಿ ಕೆಂಪಾಗಿತ್ತು. ಅಮ್ಮ ಕಪಾಟಿನಿಂದ ಆ ಡಬ್ಬಿ ತಂದು ಅಪ್ಪನ ತೊಡೆಯ ಮೇಲಿಟ್ಟು ಒಳಗೆ ಹೋದರು. ಬಹಳ ಹೊತ್ತು ಅಪ್ಪ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ಕೂತಿದ್ದರು.

"ಅವನಿಗೆ ಕೈ ಬಿಟ್ಟು ಬರಿ ಅಂದಾಗ ನನಗೆ ನಲವತ್ತಿರ್ಬೇಕು," ಎಂದರು ಆಮೇಲೆ. "ನಾಚಿಕೆ ಇತ್ತು. ಗುಂಡಿಗೆ ಇಳಿಯೋನು ಸ್ಟೂಲ್ ಮೇಲೆ ಕೂತಿದ್ದೆನಲ್ಲ. ಅಂಗಡೀಲಿ ನೋಡ್ದಾಗ ಬಹಳ ಸಿಟ್ಟು ಬಂತು. ಬೈದು ಬರಬೇಕು ಅಂತ್ಲೇ ಮುಂದಿನ ಶನಿವಾರ ಒಬ್ಬನೇ ಹೋದೆ."

"ಯಾರನ್ನ ಬೈಯೋಕೆ ಅಪ್ಪಾ? ಯಂತ್ರಾನಾ?"

"ಹೂಂ ಮತ್ತೆ. ಅವನೆಲ್ಲಿ ಸಿಗ್ತಾನೆ? ಎಡಗಡೆ ಸ್ಟೂಲಲ್ಲಿ ಯಾರೋ ಇದ್ದ, ಬಲಗಡೆ ಕೂತೆ." ಡಬ್ಬಿಯಿಂದ ಒಂದು ಬ್ಯಾಟರಿ ತೆಗೆದು ನೋಡುತ್ತ, "ಬೈಯೋದು ಮರೆತೋಯ್ತು," ಎಂದರು.

ನಾನು ನಿಮ್ಮ ಪ್ರಶ್ನೆ ಕೇಳಿದೆ. ಎಡವೋ, ಬಲವೋ, ಎರಡೂ ನೆಟ್ಟಗೋ?

"ಈ ಸಲ ಕೈ ಬಿಡಬೇಡ ಅಂತ ಬರಿ. ಎಡಗೈ. ಯಾವ ಕಡೆ ತಿರುಗಿದ್ರೂ ಎಡಗೈ. ಮೊಣಕೈ ಹತ್ರ ಸ್ವಲ್ಪ ಜಾಸ್ತೀನೇ ಮಡಚಿದೆ, ಅವನು ಆಗ ಸರಿಯಾಗಿ ನೋಡಿರ್ಲಿಲ್ಲ. ಬಂದು ನೋಡಿ ಬರೀಲಿ. ಹೆಸರೂ ಹಾಕ್ಲಿ. ಮೇಷ್ಟ್ರು ಅಂತೆಲ್ಲ ಬೇಡ, ಲಿಫ್ಟ್ ಮೆಕ್ಯಾನಿಕ್ ಅಂತ ಹಾಕ್ಲಿ."

"ಮತ್ತೆ ಬಲಗಡೆ ಸ್ಟೂಲಿಂದ ಗುದ್ದೋ ಕೈ?"

ಅಪ್ಪ ಡಬ್ಬಿಯ ಮುಚ್ಚಳ ಹಾಕಿದರು. "ಅಂಗಡಿ ಮುಚ್ಚಿದ ಮೇಲೆ ಅದೂ ಮುಗೀತು. ಅದಕ್ಕೆ ಮುಂಚೆ ಒಂದಾಟ ಆಡ್ಬೇಕು. ಅವನ ಜೊತೆ ಆಡೇ ಇಲ್ವಲ್ಲ. ಬರ್ತಾನಾ ಕೇಳು."

ಕೇಳುತ್ತಿದ್ದೇನೆ.

ಬಲಗಡೆಯ ಸ್ಟೂಲಿನ ಹರಿದ ರೆಕ್ಸಿನ್ನನ್ನು ನಾನು ನಾಳೆ ಹೋಗಿ ಹೊಲಿದು ಕೊಡುತ್ತೇನೆ. ನಮ್ಮ ಅಂಗಡಿಯ ದಬ್ಬಣಕ್ಕೆ ಅದೇನು ಕಷ್ಟವಲ್ಲ. ನೀವು ಎಡಗಡೆ ಕೂರಬೇಕು. ಸೋತುಕೊಡಬೇಡಿ, ಅಪ್ಪನಿಗೆ ಗೊತ್ತಾಗುತ್ತದೆ. ಆದರೆ ತಲೆಯ ಮೇಲೆ ಹಾರಿ ಬಲಗಡೆಗೆ ಬರಬೇಡಿ. ಇದು ಅಪ್ಪ ಹೇಳಿದ್ದಲ್ಲ, ನನ್ನ ಕೋರಿಕೆ; ಓದಿ ಹೇಳುವಾಗ ಈ ಸಾಲನ್ನು ಹದಿನೈದರ ಹಾಗೆ ನುಂಗಿಬಿಡುತ್ತೇನೆ.

ಬಸ್ ನಿಲ್ದಾಣದ ಎದುರು, ಮೂಲೆಯ ಯಂತ್ರ. ಜೂನ್ 16, ಭಾನುವಾರ, ಸಂಜೆ ಐದು ಗಂಟೆಗೆ.

ಮೆಣಸಿನಕಾಯಿ